ಒಡ್ಡಿನ ಉಪ್ಪು, ಮಂಗಳದ ಕುಳಿ

ನಮ್ಮ ದೇಶದ ನೌಕೆ ಮಂಗಳ ಗ್ರಹದ ಕಕ್ಷೆ ಸೇರಿದ ಮರುವರ್ಷದ ಬೇಸಿಗೆ ಅದು. ನಾನಾಗ ಒಂದು ಸಂಶೋಧನಾಲಯದಲ್ಲಿ ಗ್ರಹಗಳ ಭೂವಿಜ್ಞಾನ ವಿಭಾಗದ ಹಿರಿಯ ವಿಜ್ಞಾನಿಯಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಎಂದೂ ಕಾಲಿಡದ ನೆಲದ ಬಗ್ಗೆ ಜೀವಮಾನವಿಡೀ ಅಧಿಕಾರದಿಂದ ಮಾತಾಡುವ ನೌಕರಿ ನಿನ್ನದು ಎಂದು ಮನೆಯವರು ಛೇಡಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೆಲಸದ ರೀತಿ ಇಷ್ಟೇ. ಬಿಸಿಲು ನೆಲದ ಮೇಲೆ ಬಿದ್ದು ಮರಳುವಾಗ ಪ್ರತಿ ಖನಿಜವೂ ಬೆಳಕಿನ ಒಂದೊಂದು ಪಾಲನ್ನು ನುಂಗಿಕೊಳ್ಳುತ್ತದೆ. ಗ್ರಹವನ್ನು ಸುತ್ತುವ ನೌಕೆಯಲ್ಲಿ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣವಿದ್ದು, ಯಾವ ಪಾಲು ಕಾಣೆಯಾಗಿದೆ ಎಂದು ಅದು ಅಳೆಯುತ್ತದೆ. ನಡುವಿನ ವಾಯುಮಂಡಲವೂ ತನ್ನ ಪಾಲು ನುಂಗಿರುತ್ತದೆ, ಅದನ್ನು ಲೆಕ್ಕದಿಂದ ತೆಗೆಯಬೇಕು. ಉಳಿದ ರೇಖೆಯಲ್ಲಿ ಎಲ್ಲಿ ತಗ್ಗು ಕಾಣುತ್ತದೆಯೋ ಅದೇ ಖನಿಜದ ಹೆಬ್ಬೆಟ್ಟಿನ ಗುರುತು.

ಮಂಗಳದ ಒಂದು ಕುಳಿಯ ಬೆನ್ನು ಹತ್ತಿ ನಾನು ಆರು ವರ್ಷ ಕಳೆದಿದ್ದೆ. ಅಲ್ಲಿ ಒಂದು ಕಾಲಕ್ಕೆ ನೀರು ನಿಂತಿತ್ತೆಂಬುದು ನನ್ನ ವಾದ. ನೀರು ಆರಿದ್ದರೆ ಉಪ್ಪು ಉಳಿದಿರಬೇಕು. ಹಳೆಯ ಚಿತ್ರಗಳಲ್ಲಿ ಎರಡು ಕಡೆ ಬಿಳಿ ಕಾಣುತ್ತಿತ್ತು. ಒಂದು ಕುಳಿಯ ತಳದಲ್ಲಿ ಅಗಲವಾಗಿ, ಇನ್ನೊಂದು ಅಂಚಿನ ಕೆಳಗೆ ಮೆಟ್ಟಿಲಿನಂಥ ಜಾಗದಲ್ಲಿ ಸಣ್ಣ ಗೆರೆಯಾಗಿ. ಸಹಭಾಗಿತ್ವದಲ್ಲಿದ್ದ ಹೊರದೇಶದ ನೌಕೆಯೊಂದರಲ್ಲಿ ನಮಗೆ ಒಂದೇ ಒಂದು ವೀಕ್ಷಣೆ ಸಿಕ್ಕಿತ್ತು. ಒಂದು ಸಲಕ್ಕೆ ಅದು ನೋಡುವ ನೆಲದ ಪಟ್ಟಿ ಎಷ್ಟು ಕಿರಿದೆಂದರೆ ಎರಡೂ ಜಾಗ ಅದರಲ್ಲಿ ಹಿಡಿಯುತ್ತಿರಲಿಲ್ಲ. ಆಮೇಲೆ ಅಲ್ಲಿ ಧೂಳಿನ ಕಾಲ ಶುರು. ಅದು ಮುಗಿಯುವ ಹೊತ್ತಿಗೆ ನಾನು ಮನೆಯಲ್ಲಿರುತ್ತಿದ್ದೆ, ನನ್ನ ಜತೆ ಆ ಯೋಜನೆಯೂ ಮುಗಿಯುತ್ತಿತ್ತು. ತಳವನ್ನೇ ನೋಡಬೇಕೆಂದು ಆರು ಪುಟ ಬರೆದು, ಸಹಿ ಮಾಡಿ ಕಳಿಸಿದ್ದೆ.

ಅಷ್ಟು ಧೈರ್ಯ ಬಂದದ್ದು ಎಲ್ಲಿಂದ ಎಂದರೆ ಅಪ್ಪನಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಶಹಾಪುರದ ಹತ್ತಿರ ಭೀಮರಾಯನಗುಡಿ ಕ್ಯಾಂಪಿನಲ್ಲಿ ಸರ್ವೇಯರ್ ಆಗಿದ್ದರು. ಕೃಷ್ಣೆಯ ನೀರು ತರುವ ಕಾಲುವೆ ಎಲ್ಲಿ ಎಷ್ಟು ಇಳಿಯಬೇಕೆಂದು ಲೆವಲ್ ಮಷಿನ್ ಹಿಡಿದು ಗುರುತು ಹಾಕುವುದು ಅವರ ಕೆಲಸ. 'ನೀರಿಗೆ ಗೊತ್ತಿರೋದು ಒಂದ ದಾರಿ, ತೆಳಗ' ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ಕ್ಯಾಂಪಿನ ಮಕ್ಕಳಾದ ನಮಗೆ ಅದು ಮಗ್ಗಿಯಷ್ಟೇ ಖಾತ್ರಿ. ನೀರು ತಳಕ್ಕೆ ಹೋದರೆ ಉಪ್ಪೂ ತಳದಲ್ಲೇ ಇರಬೇಕಲ್ಲ.

ಆ ನೌಕೆ ನೋಡಬೇಕಾದ ಗುರಿಗಳ ಪಟ್ಟಿ ಅಂತಿಮವಾಗುವುದು ಗುರುವಾರ ಸಂಜೆ. ಮಂಗಳವಾರ ನಾನು ಶಹಾಪುರದಲ್ಲಿದ್ದೆ. ಕಾಲುವೆ ಬಂದು ಇಲ್ಲಿ ಭತ್ತ ಬೆಳೆಯಿತು, ಜತೆಗೆ ನೀರು ಜಿನುಗಿ ಕೆಲವು ಹೊಲ ಸವಳಾದವು, ಅಂದರೆ ಉಪ್ಪೇರಿ ಬೆಳ್ಳಗಾದವು. ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರಿನಿಂದ ಆ ಮಣ್ಣನ್ನು ಅಳೆದು, ಮಂಗಳದ ರೇಖೆಯ ಪಕ್ಕ ಇಟ್ಟು ನೋಡಲು ಒಂದು ಮಾದರಿ ಮಾಡಿಕೊಳ್ಳುವುದು ನನ್ನ ಉದ್ದೇಶ. ಕಾಲುವೆಗೆ ನೀರು ನಿಲ್ಲಿಸಿ ತಿಂಗಳಾಗಿತ್ತು. ಉಪಗ್ರಹದ ಚಿತ್ರದಲ್ಲಿ ಅತಿ ಬೆಳ್ಳಗೆ ಕಂಡಿದ್ದ ಹೊಲ ಹುಡುಕಿ, ಅದರ ತಗ್ಗಿನಲ್ಲಿ ಕೂತು ಬೆಳಿಗ್ಗೆಯಿಂದ ಅಳೆದೆ. ಉಪ್ಪಿನ ಗುರುತು ಬರಲೇ ಇಲ್ಲ. ಉಪಕರಣ ಕೆಟ್ಟಿದೆ ಎಂದು ಬೈದುಕೊಳ್ಳುತ್ತಿದ್ದೆ. ಕುಣಿಯಲಾರದವಳಿಗೆ ಅಂಗಳ ಡೊಂಕು.

ಮಧ್ಯಾಹ್ನ ದಾಟಿದ ಮೇಲೆ ಒಬ್ಬ ಮುದುಕಿ ಕುರಿ ಹೊಡೆದುಕೊಂಡು ಬಂದಳು. ಹೆಸರು ಮಲ್ಲಮ್ಮ, ಅಲ್ಲೇ ಪಕ್ಕದ ಹಳ್ಳಿಯವಳು. ನನ್ನ ಟೋಪಿ, ಮಷಿನು ಎರಡನ್ನೂ ನೋಡಿ ನಿಂತಳು.

"ತೆಗ್ಗಿನ್ಯಾಗ ಏನ್ ಹುಡುಕಾಕತ್ತೀರಿ ಅಕ್ಕೋರ?"

"ಸವಳಿನ ಉಪ್ಪು ನೋಡಾಕತ್ತೀನ್ರಿ."

ನನ್ನ ಮಾತು ಕೇಳಿ ಅವಳ ಮುಖ ಅರಳಿತು. "ಇಲ್ಲಿನಾಕಿ ಇದ್ದಂಗದೀರಿ. ಯಾವೂರು?"

ಗುಡಿ ಕ್ಯಾಂಪು, ಸರ್ವೇಯರ್ ಸಾಹೇಬರ ಮಗಳು ಎಂದೆ. ಅಷ್ಟೇ, ಬಹುವಚನ ಹೋಯಿತು.

"ಕ್ಯಾಂಪಿನಾಕಿ ಆಗಿ ಇಷ್ಟು ಗೊತ್ತಿಲ್ಲೇನ ತಂಗಿ? ತೆಗ್ಗಿನ್ಯಾಗ ಉಪ್ಪು ಎಲ್ಲಿ ಇರ್ತದ? ನನ್ನ ಕುರಿ ನೋಡು."

ಕುರಿಗಳು ತಗ್ಗಿನತ್ತ ಮೂಗೂ ಹಾಕಲಿಲ್ಲ. ಸೀದಾ ಹೊಲದ ಅಂಚಿನ ಒಡ್ಡು ಹತ್ತಿದವು. ಮಲ್ಲಮ್ಮ ಹಾಲೂಡುವ ಕುರಿಗಳನ್ನು ಮೊದಲು ಬಿಟ್ಟು, ಉಳಿದವನ್ನು ಕೋಲು ಅಡ್ಡ ಹಿಡಿದು ತಡೆದಳು. ಬೇಸಿಗೆಯಲ್ಲಿ ಮನೆಗೆ ಮರಳುವ ಮುಂಚೆ ಹೀಗೆ ಸರದಿಯ ಮೇಲೆ ಒಡ್ಡು ನೆಕ್ಕಿಸುವುದು ಅವರ ರೂಢಿಯಂತೆ. ಕುರಿಗಳು ಒಡ್ಡಿನ ನೆತ್ತಿಯನ್ನು ಆಸೆಯಿಂದ ನೆಕ್ಕತೊಡಗಿದವು.

"ನೀರು ನಿಲ್ಲೋದು ತೆಗ್ಗಿನ್ಯಾಗಲ್ಲೇನು?" ಎಂದು ನಾನು ಪಟ್ಟು ಬಿಡದೆ ಕೇಳಿದೆ.

"ನಿಲ್ಲೋದು ತೆಳಗ. ಬಿಸಲಿಗೆ ಮಣ್ಣಾಗಿಂದ ಮ್ಯಾಲ ಏರ್ತದ. ಒಡ್ಡಿನ ತಲಿ ಮ್ಯಾಲ ಆರ್ತದ, ಅಲ್ಲೇ ಉಪ್ಪು ಬಿಟ್ಟು ಹೋಗ್ತದ. ಕುರಿ ನೆಕ್ಕಿದ ಜಾಗ ನಾಕ್ ದಿನಕ್ಕ ಮತ್ತ ಬೆಳ್ಳಗಾಗ್ತದ. ನೆಕ್ಕಿ ನೋಡು, ಸಾಯಂಗಿಲ್ಲ."

ನೆಕ್ಕಿದೆ. ಮೊದಲು ತಗ್ಗಿನ ಬಿಳಿಯನ್ನು, ಅದು ಬರೀ ಮಣ್ಣು. ಆಮೇಲೆ ಒಡ್ಡಿನದನ್ನು, ನಾಲಗೆ ಚುರ್ ಎಂದಿತು. ಮೂವತ್ತೈದು ವರ್ಷ ನೆಲದ ಉಪ್ಪಿನ ಮೇಲೆ ಬರೆದವಳು ಅದನ್ನು ನಾಲಗೆಗೆ ಇಟ್ಟದ್ದು ಅದೇ ಮೊದಲು.

ತಗ್ಗಿನಲ್ಲಿದ್ದದ್ದು ಏನು ಎಂಬುದೂ ಆಗ ಹೊಳೆಯಿತು. ಕಾಲುವೆ ಅಗೆದಾಗ ದಂಡೆಯ ಮೇಲೆ ಸುರಿದ ಸುಣ್ಣಗಲ್ಲಿನ ಮಣ್ಣು ಮಳೆಗೆ ತೊಳೆದು ಬಂದು ಅಲ್ಲಿ ಹೂಳಾಗಿ ಕೂತಿತ್ತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ, ನಾವು ಮರೆಯುತ್ತೇವೆ. ಉಪಕರಣವನ್ನು ಒಡ್ಡಿನ ಮೇಲೆ ಇಟ್ಟೆ. ಮೊದಲ ಅಳತೆಯಲ್ಲೇ, ಹರಳಿನೊಳಗೆ ನೀರು ಹಿಡಿದಿಟ್ಟುಕೊಂಡ ಲವಣದ ತಗ್ಗು ರೇಖೆಯಲ್ಲಿ ನಿಚ್ಚಳವಾಗಿ ಮೂಡಿತು. ಇಪ್ಪತ್ತು ಕಡೆ ಅಳೆದೆ. ತಗ್ಗಿನಲ್ಲಿ ಒಂದರಲ್ಲೂ ಇಲ್ಲ, ಒಡ್ಡಿನಲ್ಲಿ ಎಲ್ಲದರಲ್ಲೂ ಇದೆ. ಮಂಗಳದ ಆ ಮೆಟ್ಟಿಲು ಕಣ್ಣ ಮುಂದೆ ಬಂದು ನಿಂತಿತು. ಕುಳಿಯ ಒಡ್ಡು ಅದೇ ಅಲ್ಲವೇ?

ಶಹಾಪುರದ ಲಾಡ್ಜಿಗೆ ಬಂದವಳೇ ವೀಕ್ಷಣಾ ಸಮಿತಿಯ ಸಂಯೋಜಕರಿಗೆ ಫೋನು ಮಾಡಿದೆ. ಮೈಸೂರು ಕಡೆಯವರು, ಸಾವಧಾನದ ಮನುಷ್ಯ.

"ಮೇಡಂ, ತಳಾನೇ ಬೇಕು ಅಂತ ಆರು ಪುಟ ಬರೆದವ್ರು ನೀವೇ ಅಲ್ವಾ?"

"ಹೌದು. ಆರೂ ಪುಟ ತಪ್ಪು."

"ಬದಲಾವಣೆಗೆ ಕಾರಣ ಏನು ಅಂತ ಹಾಕ್ಲಿ?"

"ಕುರಿ" ಎಂದುಬಿಟ್ಟೆ. ಗ್ರಾಫುಗಳನ್ನು ಕಳಿಸುತ್ತೇನೆ, ಅವನ್ನೇ ಕಾರಣವೆಂದು ಹಾಕಿ ಎಂದು ಸರಿಪಡಿಸಿಕೊಂಡೆ.

"ಅಲ್ಲೂ ಏನೂ ಸಿಗ್ಲಿಲ್ಲ ಅಂದ್ರೆ? ಇನ್ನೊಂದು ಅವಕಾಶ ಇಲ್ಲ, ನಿಮಗೆ ಗೊತ್ತು."

ಗೊತ್ತಿತ್ತು. ಭೂಮಿಯ ಒಂದು ಹೊಲ ಮಂಗಳಕ್ಕೆ ಸಾಕ್ಷಿಯಾಗಲಾರದು ಎಂಬುದೂ ಗೊತ್ತಿತ್ತು. ಆದರೂ ಗುರುವಾರ ಮಧ್ಯಾಹ್ನವೇ ಹೊಸ ಅರ್ಜಿಗೆ ಸಹಿ ಹಾಕಿ ಕಳಿಸಿದೆ.

ದತ್ತಾಂಶ ಬಂದದ್ದು ಐದನೆಯ ವಾರದ ಸೋಮವಾರ ಬೆಳಿಗ್ಗೆ. ವಾಯುಮಂಡಲದ ಪಾಲು ತೆಗೆದು, ಮೆಟ್ಟಿಲಿನ ರೇಖೆಯನ್ನು ಪರದೆಯ ಮೇಲೆ ಎಳೆದು, ಅದರ ಕೆಳಗೆ ಶಹಾಪುರದ ಒಡ್ಡಿನ ರೇಖೆ ಇಟ್ಟೆ. ಒಂದು ರೇಖೆಯ ತಗ್ಗಿನ ನೇರ ಕೆಳಗೆ ಇನ್ನೊಂದರ ತಗ್ಗು ಕೂತಿತ್ತು. ಐವತ್ತೊಂಬತ್ತರ ಹೆಂಗಸು ಕಾರಿಡಾರಿನಲ್ಲಿ ಓಡಿದೆ, ಕಾಲಲ್ಲಿ ಒಂದೇ ಚಪ್ಪಲಿ. ಸಂಯೋಜಕರ ಕೋಣೆಯ ಬಾಗಿಲು ತಳ್ಳಿದೆ. ಅವರು ನನ್ನ ಮುಖ ನೋಡಿ, "ಕುರಿ ಗೆದ್ವಾ?" ಎಂದರು.

ನಿವೃತ್ತಿಯ ಮುನ್ನ ಮತ್ತೊಮ್ಮೆ ಶಹಾಪುರಕ್ಕೆ ಹೋದೆ. ಮಲ್ಲಮ್ಮ ಅದೇ ಒಡ್ಡಿನ ಬಳಿ ಸಿಕ್ಕಳು. ಕುಳಿಯ ಚಿತ್ರ ಬಿಡಿಸಿ, ಆ ಗೆರೆಯ ಮೇಲೆ ಬೆರಳಿಟ್ಟು, ಇದು ಮಂಗಳದ ಒಡ್ಡು, ಇಲ್ಲಿ ಉಪ್ಪು ಸಿಕ್ಕಿತು, ನೀನು ಹೇಳಿದ್ದರಿಂದಲೇ ಅಲ್ಲಿ ನೋಡಿದೆವು ಎಂದೆ.

ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ. ಗೊತ್ತಿಲ್ಲದ್ದನ್ನು ನಾವು ಹತ್ತು ಸಲ ಪರೀಕ್ಷಿಸುತ್ತೇವೆ, ಚಿಕ್ಕಂದಿನಿಂದ ಗೊತ್ತಿರುವುದನ್ನು ಒಮ್ಮೆಯೂ ಮುಟ್ಟಿ ನೋಡುವುದಿಲ್ಲ. ಅಪ್ಪನ ಮಾತು ಕಾಲುವೆಗೆ ಸರಿ. ಮಣ್ಣಿಗೆ ಅಷ್ಟು ಸಾಲದು.

ಮಲ್ಲಮ್ಮ ಆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಲ್ಲಿ ಕುರಿ ಅದಾವೇನ ತಂಗಿ?"

"ಇಲ್ಲ ಅಕ್ಕಾ. ಏನೂ ಇಲ್ಲ."

"ನೆಕ್ಕವ್ರ ಇಲ್ಲ ನೋಡು, ಅದಕ್ಕ ಉಪ್ಪು ಹಂಗ ಉಳದದ" ಎಂದು ಹಾಳೆ ನನಗೆ ಮರಳಿಸಿ, ಹಾಲೂಡುವ ಕುರಿಗಳನ್ನು ಒಡ್ಡಿಗೆ ಬಿಟ್ಟಳು.