ನಲವತ್ತೊಂದನೇ ನಂಬರು

ಕ್ಯಾಸಂಬಳ್ಳಿ ರಸ್ತೆಯಿಂದ ಮೂರು ಮೈಲಿ ಒಳಗಿರುವ ಆ ಊರಿನ ಹಾಲಿನ ಡೈರಿಯಲ್ಲಿ ಜನಕ್ಕೆ ಹೆಸರಿಲ್ಲ, ನಂಬರಿದೆ. ಇಪ್ಪತ್ತೆರಡು ವರ್ಷ ಅಲ್ಲಿ ಹಾಲಿನ ಟೆಸ್ಟರ್ ಆಗಿದ್ದ ಮುನಿಸ್ವಾಮಪ್ಪ ಮಾಡಿಟ್ಟ ಪದ್ಧತಿ ಅದು. ಅವನು ನಂಬರು ಕೂಗಬೇಕು, ಅವರು ಕ್ಯಾನು ಮುಂದಿಡಬೇಕು, ಅವನು ಸೌಟು ಅದ್ದಿ ಪರೀಕ್ಷೆಗೆ ಹಾಲು ತೆಗೆಯಬೇಕು. ಡೈರಿ ಅಧ್ಯಕ್ಷನೇ ಬಂದರೂ ಅವನಿಗೆ ಬರೀ 'ಎಂಟು'. ಕಟ್ಟಿಕೊಂಡ ಹೆಂಡತಿ ಮುನಿನಾರಾಯಣಮ್ಮ ಬಂದರೂ ಮುಖ ಎತ್ತದೆ "ನಲವತ್ತೊಂದು!" ಎನ್ನುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಗುತ್ತಿದ್ದರು. ಅವಳಿಗೆ ಮಾತ್ರ ಒಳಗೊಳಗೇ ಉರಿ. ಮನೆಯಲ್ಲಿ ನೋಡಿದರೆ "ಏಯ್, ಇವಳೇ", ಇಲ್ಲಿಗೆ ಬಂದರೆ ನಂಬರು.

ಹೋದ ಕಾರ್ತಿಕದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಕೋಲಾರದ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದವನು ಬಾಯಿ ತೆರೆದರೆ "ಅದು... ಅದು..." ಅಷ್ಟೇ. ಚಿಕಿತ್ಸೆಗೆಂದು ಮನೆಯ ಒಂದೇ ಹಸು ಗೌರಿಯನ್ನು ಮಾರಿದ್ದರು. ಕರುವಾಗಿದ್ದಾಗಿನಿಂದ ಅವನೇ ಸಾಕಿದ ಹಸು. ಹೇಳಿದರೆ ಮತ್ತೆ ಏನಾಗುತ್ತದೋ ಎಂದು ಹೆದರಿ, ಹೊಲದ ಕೊಟ್ಟಿಗೆಯಲ್ಲಿ ಕಟ್ಟಿದ್ದೇವೆ ಎಂದು ಮುನಿನಾರಾಯಣಮ್ಮ ಸುಳ್ಳು ಹೇಳಿದಳು. ಊರೆಲ್ಲ ಆ ಸುಳ್ಳಿಗೆ ತಲೆಯಾಡಿಸಿತು. ಅಷ್ಟು ದೂರ ಅವನೆಲ್ಲಿ ನಡೆದಾನು?

ಡೈರಿಯಲ್ಲಿ ಅವನ ಜಾಗಕ್ಕೆ ನಿಂತವಳು ಪುಷ್ಪ. ಕ್ಯಾನು ತೊಳೆಯಲು ಸೇರಿದ್ದವಳಿಗೆ ಟೆಸ್ಟರ್ ಕೆಲಸ ಕಲಿಸಿದವನು ಅವನೇ. "ಎಂಗ್ಸಿಗೆ ಮಿಷಿನ್ ಕೆಲ್ಸ ಯಾಕ್ಲಾ?" ಎಂದವರಿಗೆ "ಕಣ್ಣೈತಲ್ಲ, ಸಾಕು" ಎಂದು ಬಾಯಿ ಮುಚ್ಚಿಸಿದ್ದ. ಪುಷ್ಪ ಅದನ್ನು ಮರೆಯಲಿಲ್ಲ. ತಿಂಗಳುಗಟ್ಟಲೆ ನಿಂತೇ ಕೆಲಸ ಮಾಡಿದಳು, ಅವನ ಕುರ್ಚಿಯ ಮೇಲೆ ಕೂರಲಿಲ್ಲ.

ಕಾರ್ಯದರ್ಶಿ ಶ್ರೀನಿವಾಸಪ್ಪ ಕೆಟ್ಟವನಲ್ಲ, ಆದರೆ ಕಾಯುವ ಪೈಕಿಯೂ ಅಲ್ಲ. "ಯುಗಾದಿಗಂಟ ನೋಡ್ತೀನಿ ಕಣಮ್ಮ. ಆಮ್ಯಾಕೆ ಕೆಲ್ಸ ನಿನ್ನ ಎಸ್ರಿಗೇ ಬರ್ಕಂತೀನಿ" ಎಂದ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಪುಷ್ಪ ಮಾತ್ರ ಯುಗಾದಿಗೆ ಇನ್ನೆಷ್ಟು ದಿನವಿದೆ ಎಂದು ಬೆರಳು ಮಡಿಚಿ ಎಣಿಸಿದಳು.

ವಾರಕ್ಕೊಮ್ಮೆ ಅವಳು ತನ್ನ ಗಂಡನ ಆಟೋದಲ್ಲಿ ಮುನಿಸ್ವಾಮಪ್ಪನನ್ನು ಕೈಕಾಲು ವ್ಯಾಯಾಮಕ್ಕೆ ಆಂಡರ್ಸನ್‌ಪೇಟೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿನ ತಮಿಳು ನರ್ಸ್ ಮಾರಿಯಮ್ಮ, "ಪೆರಿಯವರನ್ನ ಹಳೇ ಕೆಲ್ಸದ ಹತ್ರಾನೇ ಕೂರ್ಸು ಮಾ. ಮಾತು ತಾನಾ ವರುಂ, ತಾನಾಗೇ ಬರ್ತದೆ" ಎಂದಳು.

ಅಂದಿನಿಂದ ಬೆಳಗಿನ ಹಾಲಿನ ವ್ಯಾನು ಹೋದಮೇಲೆ ದಿನವೂ ಪಾಠ. ಕ್ಯಾನಿಗೆ ನೀರು ತುಂಬಿ, ಅವನ ಎಡಗೈಗೆ ಸೌಟು ಕೊಡುವಳು. ಅವನು ಚೆಲ್ಲುತ್ತಿದ್ದ, ಸಿಟ್ಟು ಬಂದು ಸೌಟು ಎಸೆಯುತ್ತಿದ್ದ. ಅವಳು ಎತ್ತಿ ಮತ್ತೆ ಕೊಡುತ್ತಿದ್ದಳು. ಒಂದು ದಿನ ಬಾಗಿಲ ಮುಂದೆ ಪಕ್ಕದ ಮನೆಯ ಕಲಾ ಹಾದುಹೋದಳು.

"ಯಾರೇಳಣ್ಣ ನೋಡಾನ?" ಎಂದಳು ಪುಷ್ಪ, ಸುಮ್ಮನೆ.

"ಇಪ್ಪತ್ತೇಳು" ಎಂದ ಮುನಿಸ್ವಾಮಪ್ಪ.

ಪುಷ್ಪ ಬೀದಿಗೆ ಓಡಿ ಸಿಕ್ಕಸಿಕ್ಕವರನ್ನೆಲ್ಲ ಎಳೆದು ತಂದು ಅವನೆದುರು ನಿಲ್ಲಿಸಿದಳು. ಒಂದೂ ತಪ್ಪಲಿಲ್ಲ. ಹೆಸರುಗಳೆಲ್ಲ ಅಳಿಸಿಹೋದ ತಲೆಯಲ್ಲಿ ನಂಬರುಗಳು ಹಾಗೇ ಉಳಿದಿದ್ದವು. ಅವಳು ಕ್ಯಾನುಗಳ ನಡುವೆ ಕೂತು ಗೊಳೋ ಎಂದು ಅತ್ತಳು, ಸಂತೋಷಕ್ಕೆ.

ಯುಗಾದಿಗೆ ಎಂಟು ದಿನವಿರುವಾಗ ಅವನು ಕುರ್ಚಿಗೆ ಮರಳಿದ. ನಂಬರು ಕೂಗಿ ಹಾಲು ತೆಗೆಯುವುದು ಅವನು, ಕೊಬ್ಬು ಅಳೆಯುವ ಮಿಷನ್ ನೋಡುವುದು ಪುಷ್ಪ. ಹಬ್ಬದವರೆಗೆ ಇಷ್ಟು ನಡೆದರೆ ಕೆಲಸ ಅವನದೇ ಎಂದು ಶ್ರೀನಿವಾಸಪ್ಪ ಒಪ್ಪಿದ. ಜನವೂ ಅವನಿಗೆ ಅನುಕೂಲವಾಗಲೆಂದು ನಂಬರಿನ ಪ್ರಕಾರವೇ ಸಾಲಾಗಿ ನಿಂತರು. ನಲವತ್ತರವರೆಗೆ ಸರಾಗವಾಗಿ ಹೋಯಿತು.

"ನಲವತ್ತೊಂದು!"

ಗಂಗರತ್ನಮ್ಮ ಎಂಬಾಕೆ ಕ್ಯಾನು ತಂದಿಟ್ಟಳು. ಗೌರಿ ಹೋದಮೇಲೆ ಖಾಲಿ ಬಿದ್ದ ನಂಬರನ್ನು ಈ ಹೊಸ ಸದಸ್ಯೆಗೆ ಕೊಟ್ಟವಳು ಪುಷ್ಪಳೇ. ಮುನಿಸ್ವಾಮಪ್ಪ ಆ ಮುಖ ನೋಡಿದ, ಕ್ಯಾನು ಮುಟ್ಟಲಿಲ್ಲ. ಬಾಗಿಲ ಕಡೆ ತಿರುಗಿ "ನಲವತ್ತೊಂದು! ನಲವತ್ತೊಂದು!" ಎಂದು ಕೂಗತೊಡಗಿದ. ಸಾಲು ನಿಂತಿತು, ಹೊರಗೆ ವ್ಯಾನು ಹಾರನ್ ಹೊಡೆಯಿತು. ಹೆಂಡತಿಯನ್ನು ಕರೆಯಲು ಅವನ ಬಾಯಲ್ಲಿ ಉಳಿದಿದ್ದು ಅದೊಂದೇ ಎಂದು ಪುಷ್ಪಳಿಗೆ ಆಗ ಹೊಳೆಯಿತು.

"ನಂಗೆ ಬ್ಯಾರೆ ನಂಬರ್ ಕೊಡಮ್ಮ, ಪಾಪ" ಎಂದು ಗಂಗರತ್ನಮ್ಮ ಹಿಂದೆ ಸರಿದಳು.

ಉಳಿದ ಹಾಲನ್ನು ಹೇಗೋ ತಾನೇ ತೆಗೆದು ವ್ಯಾನು ಕಳಿಸಿ, ಪುಷ್ಪ ಮುನಿನಾರಾಯಣಮ್ಮನ ಮನೆಗೆ ಓಡಿದಳು. "ನಾಳೆಯಿಂದ ಕ್ಯಾನ್ ಇಡ್ಕಂಡು ಬಂದು ಸಾಲಲ್ಲಿ ನಿಂತ್ಕೊಮ್ಮ."

"ಖಾಲಿ ಕ್ಯಾನಾ?"

"ಯುಗಾದಿಗಂಟ ಅಷ್ಟೇ. ಅವ್ರು ಸೌಟು ಅದ್ದಾಕೆ ಮುಂಚೆ ನಾನೇ ಎತ್ಕಂಬಿಡ್ತೀನಿ."

ಆರು ದಿನ ನಡೆಯಿತು. ಅವನು ಕೂಗುವನು, ಅವಳು ಬರುವಳು, ಅವನ ಮುಖ ಅರಳುವುದು, ಪುಷ್ಪ ಕ್ಯಾನು ಎಳೆದುಕೊಳ್ಳುವಳು. ಹಬ್ಬದ ಹಿಂದಿನ ದಿನ ಮಿಷನ್ ಕೈಕೊಟ್ಟಿತು. ಪುಷ್ಪ ಅದರ ಮೇಲೆ ಬಗ್ಗಿದ್ದಳು. ಠಣ್ ಎಂಬ ಸದ್ದಿಗೆ ತಿರುಗಿದಳು. ಸೌಟು ಕ್ಯಾನಿನ ತಳಕ್ಕೆ ಬಡಿದಿತ್ತು. ಮುನಿಸ್ವಾಮಪ್ಪ ಮತ್ತೊಮ್ಮೆ ಅದ್ದಿದ. ಮತ್ತೆ ಠಣ್. ಕ್ಯಾನನ್ನು ಬಗ್ಗಿಸಿ ಒಳಗೆ ನೋಡಿದ. ಹೆಂಡತಿಯ ಮುಖ ನೋಡಿದ, ಅವಳು ತಲೆ ತಗ್ಗಿಸಿದಳು. ಸಾಲನ್ನು ನೋಡಿದ, ಒಬ್ಬೊಬ್ಬರೂ ತಲೆ ತಗ್ಗಿಸಿದರು. ಗೌರಿ ಇಲ್ಲವೆಂದು ಅವನಿಗೆ ಗೊತ್ತಾಯಿತು. ಅದು ಊರಿಗೆಲ್ಲ ಗೊತ್ತಿತ್ತು ಎಂಬುದೂ ಗೊತ್ತಾಯಿತು.

ಅವನು ಸೌಟನ್ನು ಹೆಗಲ ಟವಲಿನಿಂದ ಒರೆಸಿ ಪುಷ್ಪಳ ಕೈಗಿಟ್ಟು ಎದ್ದ.

"ಅಣ್ಣಾ, ನಾಳೆ ಒಂದೇ ದಿನ ಕಣಣ್ಣ" ಎಂದು ಅವಳು ಅತ್ತಳು. ಅವನು ತಿರುಗಿ ನೋಡಲಿಲ್ಲ.

ಹಬ್ಬ ಕಳೆದ ಮೇಲೆ ಶ್ರೀನಿವಾಸಪ್ಪ ಪುಷ್ಪಳ ಹೆಸರು ಬರೆದುಕೊಂಡ. ಈಗ ಕುರ್ಚಿಯೂ ಅವಳದೇ, ಕೂತರೆ ಮುಳ್ಳು ಚುಚ್ಚಿದಂತಾಗುತ್ತದೆ. ಆ ನಂಬರನ್ನು ಅವಳು ಯಾರಿಗೂ ಕೊಟ್ಟಿಲ್ಲ. ಮೊನ್ನೆ ಸಂಜೆ ಒಂದು ಚೊಂಬು ಹಾಲು ತೆಗೆದುಕೊಂಡು ಅವರ ಮನೆಗೆ ಹೋದಳು. ಮುನಿಸ್ವಾಮಪ್ಪ ಹಿತ್ತಲ ಖಾಲಿ ಕೊಟ್ಟಿಗೆಗೆ ಮುಖ ಮಾಡಿ ಕೂತಿದ್ದ. ಮುನಿನಾರಾಯಣಮ್ಮ ಚೊಂಬು ಇಸಿದುಕೊಂಡು ಅಲ್ಲೇ ನಿಂತಳು.

"ಎಸ್ರು ಇಡ್ದು ಕರೀಲಿಲ್ಲ ಅಂತ ಇಷ್ಟು ವರ್ಸ ಮುನಿಸ್ಕಂಡಿದ್ದೆ ಕಣೇ" ಎಂದಳು. "ಈಗ ನಲವತ್ತೊಂದು ಅಂತಾನೂ ಅನ್ನಲ್ಲ."