ಮುಂಗಾಲಿನ ಗುರುತು

ಹುರುಳಿಕಾಳು ಬೇಯುವ ವಾಸನೆ ಬಂದರೆ ನಿಮಗೆ ಯಾರ ನೆನಪಾಗುತ್ತದೆ, ಹೇಳಿ ನೋಡೋಣ? ಅಮ್ಮನದೇ? ಒಳ್ಳೆಯ ಮಕ್ಕಳು ನೀವು. ನನಗೆ ಒಂದು ಕುದುರೆ ನೆನಪಾಗುತ್ತದೆ. ಆಮೇಲೆ, ಆ ಕುದುರೆಯ ಲಗಾಮು ಹಿಡಿದು ಕೂತಿರುತ್ತಿದ್ದ ಮನುಷ್ಯ.

ಮೊನ್ನೆ ಇಂದಿರಾನಗರದ ನಮ್ಮ ಮನೆಯಲ್ಲಿ ಬಸ್ಸಾರಿಗೆಂದು ಹುರುಳಿ ಬೇಯಲು ಇಟ್ಟಿದ್ದೆ. ಕುಕ್ಕರಿನ ಎರಡನೇ ಸೀಟಿಗೇ ಮನೆಯೆಲ್ಲ ಆ ವಾಸನೆ ತುಂಬಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದಳು. ನಾನು ಒಲೆಯ ಮುಂದೆ ನಿಂತೇ ಇದ್ದೆ... ಹಲಸೂರು ಕೆರೆಯ ಹತ್ತಿರದ ಜಟಕಾ ಸ್ಟ್ಯಾಂಡು, ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ತಗಡಿನ ಡಬ್ಬ. ಅದರಲ್ಲಿ ಹುರುಳಿ ಬೇಯಿಸಿ, ಆರಿಸಿ, ಮಗುವಿಗೆ ಅನ್ನ ಕಲಸುವ ಹಾಗೆ ಬೆರಳಲ್ಲಿ ಮಿದ್ದು ಆ ಮನುಷ್ಯ, ನಮ್ಮ ಜಟಕಾದವರು, ತಮ್ಮ ಕುದುರೆಗೆ ತಿನ್ನಿಸುತ್ತಿದ್ದರು.

ಆಗ ನಾನು ಹಲಸೂರಿಗೆ ಸೊಸೆಯಾಗಿ ಬಂದು ಮೂರು ನಾಲ್ಕು ವರ್ಷವಾಗಿತ್ತು. ರಿಚರ್ಡ್ಸ್ ಟೌನಿನಲ್ಲಿದ್ದ ಅಕ್ಕನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಎರಡು ದಿನಕ್ಕೊಮ್ಮೆ ಅವಳಿಗೆ ಅಡುಗೆ ಮಾಡಿಕೊಂಡು ಈ ಜಟಕಾದವರ ಗಾಡಿಯಲ್ಲೇ ಹೋಗುತ್ತಿದ್ದೆ. ನನ್ನಪ್ಪ ದಂಡಿನ ಕುದುರೆ ಲಾಯದಲ್ಲಿ ಗುಮಾಸ್ತರಾಗಿದ್ದವರು. ಜೀವಮಾನದಲ್ಲಿ ಒಂದು ಸಲವೂ ಕುದುರೆ ಹತ್ತಿದವರಲ್ಲ, ಆದರೆ ಕುದುರೆಯ ವಿಷಯ ಎಲ್ಲ ಗೊತ್ತೆಂದು ಅವರ ನಂಬಿಕೆ. ಆ ನಂಬಿಕೆಯನ್ನು ನಾನು ತವರಿನಿಂದ ಜೊತೆಗೇ ತಂದಿದ್ದೆ. ಅದರ ಮೇಲೆ ನನ್ನ ಅನುಮಾನದ ಬುದ್ಧಿ ಬೇರೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಹಾಕಿದ್ದಾನೆ ಅನ್ನುತ್ತಿದ್ದೆ. ನಗದಿದ್ದರೆ ಇವತ್ತು ಜಾಸ್ತಿ ಹಾಕಿದ್ದಾನೆ ಅನ್ನುತ್ತಿದ್ದೆ.

ಆ ಕುದುರೆಯೋ, ಅನುಮಾನ ಬರುವ ಹಾಗೆಯೇ ಇತ್ತು. ಜಟಕಾ ಎಳೆಯುವ ಬಡಕಲು ಕುದುರೆಗಳ ಸಾಲಿನಲ್ಲಿ ಇದೊಂದು ಮಾತ್ರ ಕತ್ತೆತ್ತಿ ನಿಲ್ಲುತ್ತಿತ್ತು. ಕಂದು ಬಣ್ಣದ ಹೆಣ್ಣು. ಕಿವಿಗಳೆರಡೂ ಒಳಕ್ಕೆ ಬಾಗಿ, ನೆತ್ತಿಯ ಮೇಲೆ ತುದಿಗೆ ತುದಿ ತಾಗಿ, ಕೈ ಮುಗಿದಂತೆ ಕಾಣುತ್ತಿದ್ದವು. ಮಾರ್ವಾಡದ ತಳಿ ಎಂದು ಜಟಕಾದವರು ಹೇಳುತ್ತಿದ್ದರು. ಜೋಧಪುರದ ಕಡೆಯಿಂದ ಇದರ ತಾಯಿ ರೈಲಿನಲ್ಲಿ ಬಂದಿತ್ತಂತೆ. ಅದನ್ನು ತರಿಸಿದ್ದ ಬಂಗಲೆಯವರು ಊರು ಬಿಡುವಾಗ ಅದರ ಮರಿಯಾದ ಇದನ್ನು ತಮ್ಮ ಕುದುರೆಯಾಳಿಗೇ, ಅಂದರೆ ಇವರಿಗೇ, ಕೊಟ್ಟು ಹೋದರಂತೆ.

"ಇದರ ಅಜ್ಜಂದಿರೆಲ್ಲ ಯುದ್ಧಕ್ಕೆ ಹೋದೋರು ಅಮ್ಮಾ. ಸವಾರ ಏಟು ತಿಂದು ಬಿದ್ರೆ, ಮರಳುಗಾಡಲ್ಲೂ ದಾರಿ ಹುಡುಕ್ಕೊಂಡು ಅವನನ್ನ ಮನೆ ಮುಟ್ಟಿಸ್ತಿದ್ವು."

"ಹಂಗಾದ್ರೆ ನೀವ್ಯಾಕೆ ಲಗಾಮು ಹಿಡ್ಕೊಂಡಿದ್ದೀರಿ? ಬಿಟ್ಬಿಡಿ, ಅದೇ ನಮ್ಮಕ್ಕನ ಮನೆ ಹುಡುಕ್ಲಿ" ಅಂದೆ.

ಅವರು ನಕ್ಕರು. ಕೋಪ ಬರದವರನ್ನು ಕಂಡರೆ ನನಗೆ ಇನ್ನೂ ಅನುಮಾನ.

ಎಲ್ಲಕ್ಕಿಂತ ದೊಡ್ಡ ಅನುಮಾನ ಅದರ ನಡಿಗೆಯದು. ಬೇರೆ ಕುದುರೆಗಳು ಓಡಿದರೆ ಟಕ್, ಟಕ್ ಎಂದು ಮೈಯೆಲ್ಲ ಕುಲುಕುತ್ತದೆ. ಇದು ಒಂದೇ ಕಡೆಯ ಮುಂಗಾಲು ಹಿಂಗಾಲನ್ನು ಒಂದರ ಬೆನ್ನಿಗೊಂದು ಎತ್ತಿಟ್ಟು, ಆಮೇಲೆ ಇನ್ನೊಂದು ಕಡೆಯದನ್ನು ಎತ್ತಿಡುತ್ತಿತ್ತು. ಸದ್ದು ನನ್ನ ಹೊಲಿಗೆ ಯಂತ್ರದ ಹಾಗೆ, ಒಂದೇ ಸಮ. ರೇವಾಲ್ ನಡಿಗೆ ಅನ್ನುತ್ತಾರಂತೆ ಇದಕ್ಕೆ. ಯಾರೂ ಕಲಿಸುವುದಿಲ್ಲ, ಹುಟ್ಟುತ್ತಲೇ ಬರುತ್ತದೆ ಎಂದು ಅವರು ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಒಂದು ದಿನ ಪರೀಕ್ಷೆ ಮಾಡಿಯೇ ಬಿಡೋಣವೆಂದು ಕಂಠಮಟ್ಟ ಸಾರು ತುಂಬಿದ ಪಾತ್ರೆಯನ್ನು ಮುಚ್ಚಳವಿಲ್ಲದೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಅಕ್ಕನ ಮನೆಯ ಗೇಟಿನವರೆಗೆ ಒಂದು ತೊಟ್ಟು ಚೆಲ್ಲಲಿಲ್ಲ. "ಮಿಲಿಟರಿಯವರ ರಸ್ತೆ, ಅದೇ ನುಣುಪಾಗಿದೆ ಬಿಡಿ" ಎಂದು ಇಳಿದು ಹೋದೆ.

ನನ್ನ ಅನುಮಾನಕ್ಕೆ ಕಾರಣ ಇತ್ತು. ಒಂದೇ ಕಡೆಯ ಮುಂಗಾಲಿಗೂ ಹಿಂಗಾಲಿಗೂ ಹಗ್ಗ ಬಿಗಿದು, ತಿಂಗಳುಗಟ್ಟಲೆ ನಡೆಸಿ, ಸಾಧಾರಣ ಕುದುರೆಗೂ ಇಂಥ ನಡಿಗೆ ಕಲಿಸಿ ಮೋಸ ಮಾಡುವವರಿದ್ದಾರೆಂದು ಅಪ್ಪ ಹೇಳಿದ್ದರು. ಈ ಕುದುರೆಯ ಮುಂಗಾಲುಗಳಲ್ಲಿ ಗೊರಸಿನ ಮೇಲೆ ಕೂದಲು ಸವೆದ ಗುರುತು ನಾನೇ ಕಣ್ಣಾರೆ ನೋಡಿದ್ದೆ.

ಆ ವರ್ಷ ಕುದುರೆ ಗಬ್ಬವಾಯಿತು. ಕೆ.ಆರ್.ಪುರದಲ್ಲಿ ಯಾರೋ ಇದೇ ತಳಿಯ ಗಂಡು ಸಾಕಿದ್ದಾರೆಂದು ತಿಳಿದು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಬಂದಿದ್ದರು. ಆಮೇಲೆ ಅವರಿಗೆ ಒಂದೇ ಯೋಚನೆ. ಡಾಂಬರು ರಸ್ತೆಯಲ್ಲಿ ಗಾಡಿ ಎಳೆದೂ ಎಳೆದೂ ಇದರ ಕಾಲು ಹೋಗುತ್ತದೆ, ಹುಟ್ಟುವ ಮರಿಗೂ ಇದೇ ಗಾಡಿ ಗಂಟು ಬೀಳುತ್ತದೆ ಎಂದು. ದೇವನಹಳ್ಳಿಯ ಕಡೆ ತೋಟದಲ್ಲಿ ಕುದುರೆ ತಳಿ ಬೆಳೆಸುವ ಒಬ್ಬ ಯಜಮಾನರಿಗೆ ಹೇಳಿ ಕಳುಹಿಸಿದರು. ಹುಟ್ಟಿನಿಂದ ರೇವಾಲ್ ಇರುವ ಹೆಣ್ಣಾದರೆ ಮಾತ್ರ ಕರೆದುಕೊಂಡು ಹೋಗುತ್ತೇನೆ, ಮತ್ತೆ ಗಾಡಿಗೆ ಕಟ್ಟುವುದಿಲ್ಲ ಎಂದು ಅವರು ಒಪ್ಪಿದರು.

ಆ ಯಜಮಾನರು ಜೀಪಿನಲ್ಲಿ ಬಂದ ಬೆಳಿಗ್ಗೆ ನಾನು ಊಟದ ಬುಟ್ಟಿ ಹಿಡಿದು ಸ್ಟ್ಯಾಂಡಿನಲ್ಲೇ ನಿಂತಿದ್ದೆ. ಕುದುರೆಯನ್ನು ಎರಡು ಸುತ್ತು ನಡೆಸಿ ನೋಡಿ, ಮುಖ ಅರಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೀವು ಯಾವಾಗ್ಲೂ ಇದರಲ್ಲೇ ಹೋಗೋದಂತೆ. ಈ ನಡಿಗೆ ಹುಟ್ಟಿದಾಗಿಂದಾನೇ ಇದ್ಯಾ?"

ಗೊತ್ತಿಲ್ಲ ಅಂದಿದ್ದರೆ ಸಾಕಿತ್ತು... ಆದರೆ ಗುಮಾಸ್ತರ ಮಗಳನ್ನು ಕುದುರೆಯ ವಿಷಯದಲ್ಲಿ ಒಬ್ಬರು ಕೇಳಿದ್ದು ಅದೇ ಮೊದಲು.

"ಹುಟ್ಟಿದ್ದು ನಾನೇನು ನೋಡಿಲ್ಲಪ್ಪ. ಮುಂಗಾಲು ನೋಡಿ, ಹಗ್ಗದ ಗುರುತಿದೆ" ಅಂದೆ.

ಅವರು ಬಗ್ಗಿ ನೋಡಿದರು. ಮುಖ ಗಂಟಿಕ್ಕಿತು. ಜಟಕಾದವರು "ಅದು ಮೇಯೋಕೆ ಬಿಟ್ಟಾಗ ರಸ್ತೆಗೆ ಓಡಬಾರ್ದು ಅಂತ ಕಟ್ಟಿದ್ದು ಸ್ವಾಮೀ, ಎರಡೂ ಮುಂಗಾಲು ಸೇರಿಸಿ" ಎಂದು ಹಿಂದೆ ಹಿಂದೆಯೇ ಹೋದರು. ಜೀಪು ನಿಲ್ಲಲಿಲ್ಲ.

ಅವತ್ತೂ ಜಟಕಾದವರು ನನ್ನನ್ನು ಅಕ್ಕನ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ನಾನು ಕುದುರೆಯ ಕಾಲನ್ನೇ ನೋಡುತ್ತಾ ಕೂತಿದ್ದೆ. ಸವೆದ ಗುರುತು ಮುಂಗಾಲು ಎರಡರಲ್ಲೂ ಇತ್ತು, ಹಿಂಗಾಲಿನಲ್ಲಿ ಒಂದು ಗೆರೆಯೂ ಇರಲಿಲ್ಲ. ನಡಿಗೆ ಕಲಿಸಲು ಕಟ್ಟಿದ್ದರೆ ಹಿಂಗಾಲೂ ಸವೆಯಬೇಕಿತ್ತಲ್ಲ ಎಂದು ಹೊಳೆಯಿತು. ಹೊಳೆದದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಕುದುರೆಯ ಹೊಟ್ಟೆ ದಪ್ಪವಾದ ಮೇಲೆ ಅವರು ಗಾಡಿ ಕಟ್ಟುವುದನ್ನೇ ನಿಲ್ಲಿಸಿದರು. ಮುಂದೊಂದು ದಿನ ನಮ್ಮ ಬಾಗಿಲಿಗೆ ಬಂದು, "ಅಮ್ಮಾ, ಮರಿ ಹಾಕಿದೆ. ನಾಲ್ಕು ದಿನ ಆಯ್ತು. ಬಂದು ನೋಡಿ" ಎಂದು ಕರೆದರು. ಹೋದೆ. ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ತಾಯಿ ಮುಂದೆ, ಕಡ್ಡಿಯಂಥ ಕಾಲುಗಳ ಮರಿ ಹಿಂದೆ. ಒಂದು ಕಡೆಯ ಎರಡು ಕಾಲು, ಆಮೇಲೆ ಇನ್ನೊಂದು ಕಡೆಯ ಎರಡು ಕಾಲು... ಅದೇ ನಡಿಗೆ. ನಾನು ನೋಡಿದೆ. ನೋಡಿಯೂ, ನಿಮ್ಮ ಮುಂದೆ ಸುಳ್ಳೇಕೆ, ಬಗ್ಗಿ ಆ ಮರಿಯ ಕಾಲಿನಲ್ಲಿ ಹಗ್ಗದ ಗುರುತು ಹುಡುಕಿದೆ.

"ಚೆನ್ನಾಗಿ ನೋಡಿ ಅಮ್ಮಾ. ಹೊಟ್ಟೆಯೊಳಗೆ ಕೈ ಹಾಕಿ ಕಟ್ಟಿರ್ತೀನಿ" ಅಂದರು.

ಆಮೇಲೆ ಅವರು ಕೇಳಿದ್ದು ಒಂದೇ. "ಆ ಯಜಮಾನ್ರಿಗೆ ಒಂದು ಕಾಗದ ಬರೆದ್ಬಿಡಿ. ನಾನು ಹೇಳಿದ್ರೆ ಇನ್ಮೇಲೆ ನಂಬಲ್ಲ. ನೀವು ನೋಡಿದ್ದನ್ನ ನೀವೇ ಬರೀರಿ."

ಹೂಂ ಅಂದೆ. ವಿಳಾಸದ ಚೀಟಿಯನ್ನೂ ಇಸಿದುಕೊಂಡೆ. ಮನೆಗೆ ಬಂದ ಮೇಲೆ, ಮರಿ ತಾಯಿಯನ್ನು ನೋಡಿ ನಕಲು ಮಾಡುತ್ತಿರಬಹುದಲ್ಲ, ಇನ್ನೊಂದು ವಾರ ನೋಡೋಣ ಅನ್ನಿಸಿತು. ವಾರ ಎರಡಾಯಿತು, ಮೂರಾಯಿತು. ಅನುಮಾನ ಬರೀ ನೆಪ. ಅಷ್ಟು ದೊಡ್ಡ ಮನುಷ್ಯರಿಗೆ ನಾನು ಹೇಳಿದ್ದು ತಪ್ಪು ಎಂದು ಬರೆಯಲು ಕೈ ಬರಲಿಲ್ಲ. ಕೊನೆಗೂ ಬರೆದು, ಓದಿ ಹೇಳೋಣವೆಂದು ಸ್ಟ್ಯಾಂಡಿಗೆ ಹೋದರೆ ಒಲೆಯ ಮೂರು ಕಲ್ಲು ಮಾತ್ರ ಇದ್ದವು. ತಾಯಿ ಮರಿ ಎರಡನ್ನೂ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು ಕೊಂಡು ಲಾರಿ ಹತ್ತಿಸಿಕೊಂಡು ಹೋದರು, ನಮ್ಮ ಜಟಕಾದವರು ಗಾಡಿ ಬಿಟ್ಟು ಊರಿಗೆ ಹೊರಟರು ಎಂದು ಪಕ್ಕದ ಜಟಕಾದವನು ಹೇಳಿದ. ಯಾವ ಊರೆಂದು ಅವನಿಗೂ ಗೊತ್ತಿರಲಿಲ್ಲ. ನಾನೂ ಅಷ್ಟು ದಿನದಲ್ಲಿ ಕೇಳಿರಲಿಲ್ಲ.

ಈಗ ಆ ಜಾಗದಲ್ಲಿ ಆಟೋಗಳು ನಿಲ್ಲುತ್ತವೆ. ಆಗಲೇ ಅವರ ಗಡ್ಡ ನರೆತಿತ್ತು, ಅವರೆಲ್ಲಿ ಇರುತ್ತಾರೆ ಇನ್ನು... ಮದುವೆ ಮೆರವಣಿಗೆಯಲ್ಲಿ ಕುದುರೆ ಕಂಡರೆ ಇವತ್ತಿಗೂ ಮೊದಲು ಕಿವಿ ನೋಡುತ್ತೇನೆ, ಆಮೇಲೆ ಕಾಲು.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಇನ್ನೂ ತಿಂಗಳಾಗಿಲ್ಲ. ಹುರುಳಿ ಬೆಂದ ದಿನವೇ ಕೂತು ಇಷ್ಟನ್ನೂ ಒಂದೇ ಬೆರಳಲ್ಲಿ ಒತ್ತಿ ಅವಳಿಗೆ ತೋರಿಸಿದೆ. ಓದಿ, ತಲೆಯೆತ್ತಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಸರಿಬರಲಿಲ್ಲ. "ಆವಾಗ್ಲೇ ನಂಗೆ ಇಂಥ ಫೋನ್ ಇದ್ದಿದ್ರೆ, ಅವತ್ತೇ ಆ ಯಜಮಾನ್ರಿಗೆ ಒತ್ತಿ ಕಳಿಸ್ಬಿಡ್ತಿದ್ದೆ ಕಣೇ" ಅಂದೆ.

ಅವಳು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಅನುಮಾನ ಹೇಳೋಕೆ ನಿಂಗೆ ಬಾಯೊಂದೇ ಸಾಕಾಗಿತ್ತು ಅಜ್ಜಿ. ತಪ್ಪಾಯ್ತು ಅನ್ನೋಕೆ ಮಾತ್ರ ಫೋನ್ ಬೇಕಿತ್ತಾ?"