ಅವ್ವನ ತಲೆಕಟ್ಟು

ನಮ್ಮ ಅವ್ವ ಕನ್ನಡ ಬರೆದರೆ ಅಕ್ಷರ ನಮ್ಮದು, ತಲೆಕಟ್ಟು ತೆಲುಗಿನದು. ಗದ್ವಾಲ ಕಡೆಯ ಹೆಣ್ಣು, ಚಿಕ್ಕಂದಿನಲ್ಲಿ ಕಲಿತದ್ದು ತೆಲುಗು. ಮಾನ್ವಿಗೆ ಸೊಸೆಯಾಗಿ ಬಂದ ಮೇಲೆ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಓದುತ್ತ ಕನ್ನಡ ಕಲಿತಳು. ಕೈ ಮಾತ್ರ ತವರು ಬಿಡಲಿಲ್ಲ. ನಾವು ಅಕ್ಷರದ ತಲೆಯ ಮೇಲೆ ನೆಟ್ಟಗೆ ಗೆರೆ ಎಳೆದು ತುದಿಯಲ್ಲಿ ಕೊಂಚ ಕೊಂಕಿಸುತ್ತೇವೆ. ಅವ್ವ ಪೆನ್ನನ್ನು ಕೆಳಗಿಳಿಸಿ ಚಕ್ಕನೆ ಮೇಲಕ್ಕೆ ಹಾರಿಸುತ್ತಾಳೆ, ಮಾಸ್ತರರು ಹಾಕುವ ರೈಟ್ ಗುರುತಿನ ಹಾಗೆ. 'ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ' ಎಂದು ಅಪ್ಪ ನಗುತ್ತಿದ್ದ.

ನನಗೆ ಅಕ್ಷರ ಕಲಿಸಿದವಳೂ ಅವಳೇ. ಹಾಗಾಗಿ ಮಾನ್ವಿಯ ಶಾಲೆಯಲ್ಲಿ, ರೈಟ್ ಗುರುತೇ ತುಂಬಿದ ಪಾಟಿ ತೋರಿಸಿ ಮಾಸ್ತರರಿಂದ ದೊಡ್ಡದೊಂದು ತಪ್ಪು ಹಾಕಿಸಿಕೊಂಡೆ. ಸ್ವಲ್ಪ ದಿನದಲ್ಲೇ ನನ್ನ ತಲೆಕಟ್ಟು ನೆಟ್ಟಗಾಯಿತು. ಬೆತ್ತಕ್ಕೆ ಲಿಪಿಶಾಸ್ತ್ರ ಚೆನ್ನಾಗಿ ಗೊತ್ತು.

ಈಗ ರಾಯಚೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಗೆ ಬಂದವರನ್ನು ಕೂರಿಸಿಕೊಂಡು, ಕೈ ಹೇಗೆ ಓಡುತ್ತದೋ ಅಕ್ಷರ ಹಾಗೆ ಬೆಳೆಯುತ್ತದೆ, ತಾಳೆಗರಿಯ ಮೇಲೆ ನೇರ ಗೀರಿದರೆ ಗರಿ ಸೀಳುತ್ತಿತ್ತು, ಅದಕ್ಕೇ ನಮ್ಮ ಅಕ್ಷರ ಗುಂಡಗಾದವು ಎಂದೆಲ್ಲ ಕೊರೆಯುತ್ತೇನೆ. 'ಹೌದ್ರೀ? ಊಟದ ಟೈಮ್ ಮಾತ್ರ ದಪ್ಪಕ್ಷರದಾಗ ಬರಲಿ' ಎನ್ನುತ್ತಾರೆ ಅವರು.

ಹೋದ ವರ್ಷ ನನ್ನ ತಮ್ಮ ದೇವದುರ್ಗದಲ್ಲಿ ಮನೆ ಕಟ್ಟಿಸಿ, ಬಾಗಿಲ ಪಕ್ಕದ ಗೋಡೆಗೆ ಅವ್ವನ ಹೆಸರಿನ ಕಲ್ಲು ಕೂರಿಸುತ್ತೇನೆಂದ. ಅವಳ ಕೈಬರಹ ಕಲ್ಲಿನಲ್ಲಾದರೂ ಉಳಿಯಲಿ ಎಂದು ನನಗೆ ಬಹಳ ಆಸೆ. ಅವಳಿಂದಲೇ ಹೆಸರು ಬರೆಸಿ, ಕಂಪ್ಯೂಟರಿಗೆ ಒಂದು ಗೆರೆಯೂ ಕೆಡದಂತೆ ಇಳಿಸಿ, ಕಲ್ಲು ಕೆತ್ತುವವನಿಗೆ ಕಳಿಸಿದೆ.

ವಾಸ್ತುಶಾಂತಿಯ ದಿನ ನೋಡಿದರೆ ಕಲ್ಲಿನ ತುಂಬ ನೆಟ್ಟನೆಯ ಅಕ್ಷರ. ಊಟಕ್ಕೆ ಬಂದಿದ್ದ ಕೆತ್ತನೆಯವನು ಸಂತೋಷದಿಂದ ಹೇಳಿದ: 'ತಲಿಕಟ್ಟು ಸೊಟ್ಟ ಇದ್ವು ಸರ್. ನಾನ ಬ್ಯಾರೆ ಫಾಂಟ್ ಹಾಕಿ ನೆಟ್ಟಗ ಮಾಡೀನಿ. ಅದಕ್ಕ ರೊಕ್ಕ ಬ್ಯಾಡ್ರಿ.'

ನನಗೆ ಅಳುವೇ ಬಂತು. 'ಚಲೋನ ಆತಲ್ಲೋ ಯಣ್ಣಾ, ಇಲ್ಲಂದ್ರ ಮಂದಿ ತೆಲುಗರ ಮನಿ ಅಂತಿದ್ರು' ಎಂದು ತಮ್ಮ ಸಮಾಧಾನ ಮಾಡಿದ.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. 'ಚಂದ ಅದ. ಯಾರ ಹೆಸರಪಾ?'

'ನಿಂದ ಬೇ.'

'ನನ್ನ ಹೆಸರಿಗೆ ತಲಿ ಹಿಂಗ ಇರಾಂಗಿಲ್ಲಲ್ಲ' ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದವಳು, ಅದೇ ಪುಡಿಯನ್ನು ನೀರಿನಲ್ಲಿ ಕಲಸಿ, ಕಲ್ಲಿನ ಪ್ರತಿ ಅಕ್ಷರದ ತಲೆಯ ಮೇಲೂ ಚಕ್ಕನೆ ಒಂದು ಗೆರೆ ಹಾರಿಸಿದಳು. ತಮ್ಮ ಒರೆಸಿದ. ಮಾರನೆಯ ದಿನ ಮತ್ತೆ ಬಂತು. ಈಗ ಅವನೂ ಕೈಬಿಟ್ಟಿದ್ದಾನೆ.

ದೇವದುರ್ಗಕ್ಕೆ ಹೋದಾಗೆಲ್ಲ ಆ ಬಾಗಿಲಲ್ಲಿ ಕೊಂಚ ನಿಲ್ಲುತ್ತೇನೆ. ಕಲ್ಲಿನಲ್ಲಿ ನಮ್ಮ ನೆಟ್ಟನೆಯ ಅಕ್ಷರ, ಅದರ ಮೇಲೆ ಅವ್ವನ ರೈಟು. ಮಾನ್ವಿಯ ಮಾಸ್ತರರು ಕೊಡದೆ ಹೋದದ್ದನ್ನು ಅವಳು ದಿನಾ ಬೆಳಿಗ್ಗೆ ತಾನೇ ಹಾಕಿಕೊಳ್ಳುತ್ತಿದ್ದಾಳೆ.